ಬಿಸಿಲನ್ನು ಸಾಕ್ಷಿಗೆ ಕರೆದ ದಿನ

ನನ್ನ ಗಂಡ ಬದುಕಿದ್ದಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುವಾಗ ಹಾಗನ್ನಿಸದೆ ಹೋಗಬಹುದು. ನಾನು ಇದನ್ನು ಬರೆಯುತ್ತಿರುವಾಗ ಅವರು ಒಳಗಿನ ಕೋಣೆಯಲ್ಲಿ ರೇಡಿಯೊ ಹಚ್ಚಿಕೊಂಡು ಮಲಗಿದ್ದಾರೆ. ಆದರೂ ಒಗೆದ ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದಾಗ, ತರಗತಿಯಲ್ಲಿ ಪಾಠ ಮಾಡುತ್ತಾ ಕಿಟಕಿಯಾಚೆಯ ಬಯಲು ಬೆಳ್ಳಗೆ ಉರಿಯುವುದನ್ನು ಕಂಡಾಗ, ನಾನು ಮತ್ತೆ ಆ ಆಸ್ಪತ್ರೆಯ ವರಾಂಡದಲ್ಲಿ ನಿಂತಿರುತ್ತೇನೆ. ಎದುರಿಗೆ ಖಾಲಿ ಕುರ್ಚಿ. ಕುರ್ಚಿಯ ಮೇಲೆ ಒದ್ದೆ ಟವೆಲ್ಲು. ಅವರಿಲ್ಲ.

ಅವರ ಹೆಸರನ್ನು ಇಲ್ಲಿ ಅಂಬಾರಾಯ ಎಂದಿಟ್ಟುಕೊಳ್ಳುತ್ತೇನೆ. ಎಲ್ಲರ ಹೆಸರು ಬದಲಿಸುವುದಾದರೆ ಬರಿ, ಎಂದು ಅವರೇ ಹೇಳಿದ್ದಾರೆ. ನನ್ನ ಹೆಸರು ಸುನಂದಾ ಎಂದಿರಲಿ. ನಾನು ಕಲಬುರಗಿ ಜಿಲ್ಲೆಯ ಮಹಾಗಾಂವದಲ್ಲಿ ಹುಟ್ಟಿದವಳು, ಕುಸನೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಎಂ.ಎ. ಓದಿದವಳು, ಈಗ ಕಮಲಾಪುರದ ಕಾಲೇಜಿನಲ್ಲಿ ಇತಿಹಾಸ ಹೇಳುವ ಅತಿಥಿ ಉಪನ್ಯಾಸಕಿ. ಕಮಲಾಪುರ ಅವರ ಊರು. ಅವರು ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದರು.

ಮೊದಲು ಕೈಕೊಟ್ಟದ್ದು ಕಣ್ಣು. ಮರುಭೂಮಿಯ ಗಡಿಯಲ್ಲಿದ್ದಾಗ, ಕಡುಬೇಸಿಗೆಯಲ್ಲಿ, ಬಲಗಣ್ಣಿನ ಮುಂದೆ ಯಾರೋ ಎಣ್ಣೆ ಕಾಗದ ಹಿಡಿದಂತಾಯಿತಂತೆ. ಅವರು ಯಾರಿಗೂ ಹೇಳಲಿಲ್ಲ. ಕಣ್ಣು ಸರಿಯಿಲ್ಲವೆಂದು ಬರೆಸಿಕೊಂಡ ಡ್ರೈವರನನ್ನು ಗಾಡಿಯಿಂದ ಇಳಿಸಿ ಉಗ್ರಾಣಕ್ಕೆ ಹಾಕುತ್ತಾರೆ, ಬಡ್ತಿಯೂ ಅಲ್ಲಿಗೆ ನಿಲ್ಲುತ್ತದೆ. ಅದೇ ತುಕಡಿಯಲ್ಲಿದ್ದ ಖಾಜಾಭಾಯ್, ನಮ್ಮ ಕಲಬುರಗಿಯ ಮೋಮಿನಪುರದವರು, ಕೆಲವು ದಿನ ಅವರ ಪಾಳಿಯ ಗಾಡಿಯನ್ನೂ ತಾವೇ ಓಡಿಸಿ ವಿಷಯ ಮುಚ್ಚಿಟ್ಟರು. ಕಣ್ಣು ತಾನಾಗಿಯೇ ತಿಳಿಯಾಯಿತು. ಈ ರೋಗದ ದೊಡ್ಡ ಮೋಸವೇ ಅದು, ಬಂದು ಹೋದಂತೆ ನಟಿಸುತ್ತದೆ.

ಮುಂದೊಮ್ಮೆ ಪರೇಡಿನಲ್ಲಿ ಎಡಗಾಲು ಹೇಳಿದ ಮಾತು ಕೇಳದಾಯಿತು. ಆಗ ಮುಚ್ಚಿಡಲು ಆಗಲಿಲ್ಲ. ಸೈನ್ಯದ ದೊಡ್ಡ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು, ಬೆನ್ನುಹುರಿಯಿಂದ ನೀರು ತೆಗೆದರು, ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್., ಎಂದರು. ನರಗಳ ಮೇಲಿನ ಹೊದಿಕೆಯನ್ನು ದೇಹವೇ ತಿನ್ನುತ್ತದೆ, ಯಾವಾಗ ತಿನ್ನುತ್ತದೆಂದು ಹೇಳಲಾಗದು, ತಿಂದದ್ದು ಪೂರ್ತಿ ಮರಳುವುದಿಲ್ಲ. ನನಗೆ ಅಂದು ಅರ್ಥವಾದದ್ದು ಇಷ್ಟು. ಇಂದಿಗೂ ಇದಕ್ಕಿಂತ ಹೆಚ್ಚು ಅರ್ಥವಾಗಿಲ್ಲ.

ಅವರು ಮನೆಗೆ ಬಂದಾಗ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದರು.

"ಲಕ್ವಾ ಹೊಡದದೇನು?"

"ಲಕ್ವಾ ಅಲ್ರಿ ಅತ್ತಿ."

"ಗಾಳಿ ಸೋಕ್ಯಾದೇನು?"

"ಗಾಳೀನೂ ಅಲ್ಲ."

"ಮತ್ತ ಏನಂತ ತಿಳಕೊಳ್ಳಿ? ನಾಲಿಗ್ಗಿ ಬರಲಾರದ ರೋಗಕ್ಕ ಯಾವ ದೇವರಿಗಿ ಹರಕಿ ಹೊರಬೇಕು ಯವ್ವಾ?"

ಊರಿಗೆ ಅಂಥ ಗೊಂದಲವಿರಲಿಲ್ಲ. ತೂರಾಡುವ ನಡಿಗೆ, ತೊದಲುವ ಮಾತು, ಮೇಲೆ ಮಿಲಿಟರಿ ಮನುಷ್ಯ. ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನೊಬ್ಬ ಎಲ್ಲರೆದುರು ಕೂಗಿದ: "ಏನ್ ಮಿಲಿಟ್ರಿ, ಮುಂಜಾನಿಗೇ ಸುರು ಮಾಡೀರೇನು? ಕ್ಯಾಂಟೀನದಾಗಿಂದು ನಮಗೂ ಒಂದ್ ಬಾಟ್ಲಿ ಇರ್ಲಿ!" ಇವರು ನಕ್ಕು, "ಮುಂದಿನ ಸಲ ತರ್ತೀನಿ ತಡಿ" ಎಂದರು. ನಾನು ಸಿಟ್ಟಾದರೆ ನನ್ನ ಕೈ ಹಿಡಿದು ತಡೆದರು. ರೋಗಿ ಅನ್ನಿಸಿಕೊಳ್ಳುವುದಕ್ಕಿಂತ ಕುಡುಕ ಅನ್ನಿಸಿಕೊಳ್ಳುವುದು ಅವರಿಗೆ ಹಗುರವಾಗಿತ್ತು.

ಸೈನ್ಯದಿಂದ ಬಿಡುಗಡೆ ಮಾಡುವಾಗ ವೈದ್ಯರ ಮಂಡಳಿಯೊಂದು ನೋಡುತ್ತದೆ. ಸೈನಿಕರ ಬಾಯಲ್ಲಿ ಅದು ಬರೀ 'ಬೋರ್ಡು'. ಬೋರ್ಡು ಬರೆದದ್ದು ಇದು: ಈ ರೋಗ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಪೂರ್ಣ ಪಿಂಚಣಿಗೆ ಬೇಕಾದಷ್ಟು ವರ್ಷ ಅವರು ಮುಗಿಸಿರಲಿಲ್ಲ. ಅಂಗವೈಕಲ್ಯದ ಪಿಂಚಣಿ ಮಂಜೂರಾದರೆ ಅದರ ಜೊತೆ ಚಿಕಿತ್ಸೆಯ ಕಾರ್ಡು ಬರುತ್ತದೆ. ಕಾರ್ಡು ಬಂದರೆ, ಮುಂದಿನ ಏಟನ್ನು ತಡೆಯುವ ಔಷಧ ಬರುತ್ತದೆ. ಕೈಯಿಂದ ಹಣ ಹಾಕಿ ಕೊಂಡು ನಡೆಸುವಷ್ಟು ಅಗ್ಗದ ಔಷಧ ಅದಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಒಂದು ಓಟ ನಡೆದಿತ್ತು: ಕಾರ್ಡು ಮೊದಲು ಬರುತ್ತದೋ, ಮುಂದಿನ ಏಟು ಮೊದಲು ಬರುತ್ತದೋ. ಅವರ ನಾಲಿಗೆ ಸ್ವಲ್ಪ ತಡವರಿಸಿದರೂ ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಕಿವಿಗೊಡುತ್ತಿದ್ದೆ.

ಮೇಲ್ಮನವಿ ಹಾಕಿದೆವು. ಮತ್ತೊಮ್ಮೆ ಪರೀಕ್ಷೆ ಮಾಡುತ್ತೇವೆಂದು ದೂರದ ಸೈನಿಕ ಆಸ್ಪತ್ರೆಗೆ ಕರೆಸಿದರು. ಒಳ್ಳೆಯ ಚಳಿಗಾಲ. ತಂಪಿನಲ್ಲಿ ಅವರ ಕಾಲು ಅರ್ಧ ಗುಣವಾದವರ ಕಾಲಿನಂತೆ ನಡೆಯುತ್ತದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ನಾನು ಹೊರಗಿನ ಬೆಂಚಿನಿಂದ ನೋಡುತ್ತಿದ್ದೆ. ಮೇಜಿನಾಚೆಯ ಅಧಿಕಾರಿ ತಲೆಯೆತ್ತಿದ್ದೇ ತಡ, ಇವರ ಕೋಲು ಗೋಡೆಗೆ ಒರಗಿತು, ಹಿಮ್ಮಡಿಗಳು ಕೂಡಿದವು, ಎದೆ ಉಬ್ಬಿತು.

"ಕೈಸೇ ಹೋ ಜವಾನ್?"

"ಠೀಕ್ ಹೂಂ ಸಾಬ್!"

ಚೆನ್ನಾಗಿದ್ದೇನೆಂಬ ಉತ್ತರ. ಅಷ್ಟು ಗಟ್ಟಿಯಾದ ದನಿ ಮನೆಯಲ್ಲಿ ನಾನು ಆ ವರ್ಷವೆಲ್ಲ ಕೇಳಿರಲಿಲ್ಲ. ಮನವಿ ತಿರಸ್ಕೃತವಾಯಿತು. ನಡೆಯಬಲ್ಲ, ನಿಲ್ಲಬಲ್ಲ, ತೊಂದರೆ ಹೇಳಿಕೊಂಡಿಲ್ಲ.

ನಿವೃತ್ತರಾದ ಮೇಲೆ ಖಾಜಾಭಾಯ್ ಮೋಮಿನಪುರದಲ್ಲಿ ಗಾಡಿ ಬ್ಯಾಟರಿಗಳ ಅಂಗಡಿ ಹಾಕಿಕೊಂಡಿದ್ದಾರೆ. ಸುದ್ದಿ ಕೇಳಿ ಅವರು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಬಿಸಾಡಿದರು.

"ಕಾಯ್ಕು ಬೋಲ್ಯಾ ರೇ, ಯಾಕಂದಿ ಹಂಗ? ಬೋರ್ಡಿನ ಮುಂದ ಯಾರರೇ ಠೀಕ್ ಹೂಂ ಅಂತಾರೇನೋ? ಬಾ ಇಲ್ಲಿ, ನಿನ್ನ ಬಾಯಾಗ ಬ್ಯಾಟರಿ ನೀರ ಹಾಕ್ತೀನಿ."

"ಸಾಬ್ ಕೇಳಿದ್ರ ಮತ್ತೇನ ಅನಬೇಕು ಖಾಜಾ? ಬಾಯಿ ತಾನೇ ಅಂತದ."

"ಭಾಭೀ, ಮುಂದಿನ ಸಲ ಇವನ ಬಾಯಿಗಿ ಪಟ್ಟಿ ಕಟ್ಟಿ ಒಳಗ ಕಳಸ್ರಿ."

ಮೂವರೂ ನಕ್ಕೆವು. ಆ ನಗುವಿನ ನಡುವೆ ಇವರು ಥಟ್ಟನೆ ಸುಮ್ಮನಾದದ್ದು ನನಗೆ ಈಗ ನೆನಪಾಗುತ್ತದೆ.

ಬಿಸಿಯ ವಿಷಯ ಗೊತ್ತಾದದ್ದು ಒಂದು ದೀಪಾವಳಿಯಲ್ಲಿ. ಅತ್ತೆ ಮಗನ ಬೆನ್ನಿಗೆ ಎಣ್ಣೆ ತಿಕ್ಕಿ, ಹಂಡೆಯಿಂದ ಹೊಗೆಯಾಡುವ ನೀರು ಮೊಗೆದು ಹಾಕುತ್ತಿದ್ದರು. "ಬಿಸಿನೀರ ಬಿದ್ರ ನರ ಸಡ್ಲಾಗ್ತಾವ" ಎಂಬುದು ಅವರ ನಂಬಿಕೆ. ಬಚ್ಚಲಿನಿಂದ ಇವರ ದನಿ ಕೇಳಿತು:

"ಅವ್ವಾ, ಲೈಟ ಹೋಯ್ತೇನು?"

ಹೊರಗೆ ಬೆಳ್ಳಗೆ ಬಿಸಿಲು ಬಿದ್ದಿತ್ತು. ಬಚ್ಚಲಿನ ಬಾಗಿಲು ತೆರೆದೇ ಇತ್ತು.

ಮೈ ಆರಿದ ಮೇಲೆ ಕಣ್ಣು ಮರಳಿತು. ಕಲಬುರಗಿಯ ನರರೋಗದ ಡಾಕ್ಟರು ನಮ್ಮ ಗಾಬರಿ ನೋಡಿ ಸಮಾಧಾನ ಹೇಳಿದರು: ಮೈ ಬಿಸಿಯಾದರೆ ಹಳೆಯ ತೊಂದರೆಗಳೆಲ್ಲ ಒಟ್ಟಿಗೆ ಎದ್ದು ಬರುತ್ತವೆ, ತಂಪಾದರೆ ತಗ್ಗುತ್ತವೆ. ಹಾಗೆಂದು ಅದರ ಜೊತೆ ಆಟವಾಡಬೇಡಿ, ಉಸಿರು, ನುಂಗುವುದು, ಇವೂ ನರಗಳ ಕೈಯಲ್ಲೇ ಇವೆ. ನನಗೆ ಅದು ಎಚ್ಚರಿಕೆಯಾಗಿ ಕೇಳಿಸಿತು. ಕೋಣೆಗೆ ಕೂಲರ್ ತಂದೆ, ದಪ್ಪ ಪರದೆ ಕಟ್ಟಿದೆ, ಟವೆಲ್ಲು ನೆನೆಸಿ ಫ್ರಿಜ್ಜಿನಲ್ಲಿಟ್ಟೆ. ಅದೇ ಮಾತು ಅವರಿಗೆ ಬೇರೆಯಾಗಿ ಕೇಳಿಸಿತ್ತು.

ಪ್ರಕರಣ ಸೈನಿಕರ ನ್ಯಾಯಮಂಡಳಿಗೆ ಹೋಯಿತು. ಬೆಂಗಳೂರಿನ ವಕೀಲರು ವಾದಿಸಿದ್ದು, ಸೇರುವಾಗ ಆರೋಗ್ಯವಂತನಿದ್ದವನಿಗೆ ಸೇವೆಯಲ್ಲಿ ರೋಗ ಬಂದರೆ ಅದು ಸೇವೆಯದಲ್ಲವೆಂದು ತೋರಿಸುವ ಹೊಣೆ ಸರಕಾರದ್ದು ಎಂದು. ನ್ಯಾಯಮಂಡಳಿ ಹೊಸ ಬೋರ್ಡಿನ ಅಭಿಪ್ರಾಯ ಕೇಳಿತು. ದೂರ ಪ್ರಯಾಣ ಆಗದೆಂದು ನಾವು ಬರೆದುಕೊಂಡಿದ್ದರಿಂದ, ಮಾಜಿ ಸೈನಿಕರ ತಪಾಸಣೆಗೆಂದು ಕಲಬುರಗಿಯ ಒಂದು ಆಸ್ಪತ್ರೆಗೆ ಬರಲಿದ್ದ ಸೈನ್ಯದ ವೈದ್ಯರೇ ಇವರನ್ನೂ ನೋಡುವುದೆಂದಾಯಿತು. ಮೇ ತಿಂಗಳಿನ ನಡುವೆ.

ಬೆಳಿಗ್ಗೆ ಕಮಲಾಪುರದಿಂದ ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಇವರು ಟ್ರಂಕಿನಿಂದ ತಮ್ಮ ಉಣ್ಣೆಯ ಕಪ್ಪು ಕೋಟು ತೆಗೆಸಿದ್ದರು, ಎದೆಗೆ ಪದಕಗಳ ಸಾಲು.

"ಈ ಬಿಸಲಾಗ ಕೋಟೇನ್ರೀ?"

"ಸಾಬರ ಮುಂದ ಅಂಗಿ ಮ್ಯಾಲೆ ಹೋಗಲೇನು? ಕಾರಿನಾಗ ತಂಪದ. ಅಲ್ಲಿ ಹಾಕ್ಕೋತೀನಿ."

ಹಳೆಯ ಠೀವಿ ಅಂದುಕೊಂಡೆ. ಒಂದು ಲೆಕ್ಕದಲ್ಲಿ ಸಂತೋಷವೂ ಆಯಿತು.

ಆಸ್ಪತ್ರೆಯ ವರಾಂಡದಲ್ಲಿ ಕೂಲರ್ ಗುಡುಗುತ್ತಿತ್ತು. ಮಾಜಿ ಸೈನಿಕರು ಸಾಲಾಗಿ ಕೂತಿದ್ದರು. ನಮಗಿಂತ ಮೊದಲೇ ಬಂದಿದ್ದ ಖಾಜಾಭಾಯ್ ಕೋಟು ನೋಡಿ, "ಅರೇ ವ್ವಾ, ದೂಲ್ಹಾ ಬಂದ! ಮದುಮಗನ ಕುದುರಿ ಎಲ್ಲದ?" ಎಂದರು. ಪಕ್ಕದಲ್ಲಿ ಕೃತಕ ಕಾಲಿನ ಹಿರಿಯರೊಬ್ಬರಿದ್ದರು. ಇವರ ರೋಗ ಯಾವುದೆಂದು ಕೇಳಿ, ತಮ್ಮ ಕಾಲನ್ನು ಬೆರಳಿನಿಂದ ಟಕಟಕ ಬಡಿದರು.

"ನನಗ ಯಾರೂ ಏನೂ ಕೇಳಂಗಿಲ್ಲ ನೋಡಪಾ. ಬಡದ ತೋರ್ಸಿದ್ರ ಮುಗೀತು. ನಿಂದು ಕಾಣಂಗಿಲ್ಲ. ಕಾಣಲಾರದ್ದಕ್ಕ ರೊಕ್ಕ ಯಾರ ಕೊಡ್ತಾರ?"

"ಖರೇ ಅದರಿ ಕಾಕಾ" ಎಂದರು ಇವರು.

ಆಧಾರಿನ ಇನ್ನೊಂದು ಝೆರಾಕ್ಸ್ ಬೇಕೆಂದು ಒಳಗಿನಿಂದ ಹೇಳಿಕಳಿಸಿದರು. ನಾನು ಒದ್ದೆ ಟವೆಲ್ಲನ್ನು ಇವರ ಕುತ್ತಿಗೆಗೆ ಹಾಕಿ ಗೇಟಿನಾಚೆ ಹೋದೆ. ಖಾಜಾಭಾಯ್‌ಗೆ ಅಂಗಡಿಯಿಂದ ಫೋನು ಬಂದು ಅವರೂ ಮೂಲೆಗೆ ಸರಿದರಂತೆ. ಝೆರಾಕ್ಸ್ ಅಂಗಡಿಯಲ್ಲಿ ಕರೆಂಟು ಹೋಗಿತ್ತು, ಬರುವವರೆಗೆ ನಿಲ್ಲಬೇಕಾಯಿತು. ತಿರುಗಿ ಬಂದಾಗ ಕುರ್ಚಿ ಖಾಲಿ. ಟವೆಲ್ಲು ಮಡಚಿಟ್ಟಿತ್ತು, ಸೈನಿಕರು ಮಡಚುವಂತೆ, ಅಂಚಿಗೆ ಅಂಚು ಕೂಡಿಸಿ.

ಮೊದಲು ಶೌಚಾಲಯ ನೋಡಿದೆವು. ಆಮೇಲೆ ಕ್ಯಾಂಟೀನು. ಖಾಜಾಭಾಯ್ ಒಂದು ಕಡೆ, ನಾನು ಒಂದು ಕಡೆ. ಬೈಕುಗಳು ನಿಲ್ಲುವ ತಗಡಿನ ಚಪ್ಪರದ ಹಿಂದೆ ಒಂದು ಸಿಮೆಂಟಿನ ಕಟ್ಟೆ, ಸುತ್ತ ಎಲ್ಲೂ ಒಂದು ಗಿಡವಿಲ್ಲ. ಅಲ್ಲಿ ಅವರು ಕೂತಿದ್ದರು. ಕೋಟಿನ ಗುಂಡಿಗಳನ್ನು ಕೊರಳಿನವರೆಗೆ ಹಾಕಿಕೊಂಡು, ಅಂಗೈಗಳನ್ನು ಮಂಡಿಯ ಮೇಲಿಟ್ಟು, ಗದ್ದವೆತ್ತಿ, ಸೂರ್ಯನಿಗೆ ನೇರ ಮುಖ ಕೊಟ್ಟು. ಫೋಟೊ ತೆಗೆಸಿಕೊಳ್ಳಲು ಕೂತವರ ಹಾಗೆ. ನಾನು ಎದುರು ನಿಂತೆ. ಅವರ ಕಣ್ಣುಗಳು ನನ್ನನ್ನು ದಾಟಿ ಎಲ್ಲೋ ನೋಡುತ್ತಿದ್ದವು.

"ಯಾರರೀ ಅದು? ನೆಳ್ಳ ಬಿದ್ದಂಗಾಯ್ತು."

"ನಾನ್ರೀ. ಸುನಂದಾ."

"ಒಳಗ ಕರದರೇನು?" ಮಾತು ಬಾಯಲ್ಲೇ ಕರಗುತ್ತಿತ್ತು.

"ಇನ್ನಾ ಇಲ್ರಿ. ಏಳ್ರಿ, ನಿಮ್ಮ ಕೈ ಮುಗೀತೀನಿ, ಏಳ್ರಿ."

"ಹಂಗಾದ್ರ ಇನ್ನಷ್ಟ ಕೂಡ್ತೀನಿ."

ಆಗ ನನಗೆ ತಿಳಿಯಿತು. ಕೋಟು, ಮಡಚಿಟ್ಟ ಟವೆಲ್ಲು, ಅಂಗಡಿಯಲ್ಲಿ ನಗುವಿನ ನಡುವಿನ ಆ ಮೌನ, ಎಲ್ಲವೂ ಒಂದೇ ಕ್ಷಣದಲ್ಲಿ. ಬಗಲಿಗೆ ಕೈ ಹಾಕಿ ಎತ್ತಲು ಹೋದೆ. ಉಣ್ಣೆ ಕಾದ ಹಂಚಿನಂತೆ ಸುಡುತ್ತಿತ್ತು. ಅವರ ಮೈಯಲ್ಲಿ ಬೆವರೇ ಇರಲಿಲ್ಲ. ಎದ್ದಂತೆ ಮಾಡಿದರು, ಎರಡೂ ಕಾಲು ಹಗ್ಗದಂತೆ ಸುತ್ತಿಕೊಂಡವು, ನನ್ನ ಮೇಲೆ ಬಿದ್ದರು. ಬಿದ್ದಲ್ಲೇ ವಾಂತಿಯಾಯಿತು. ಅದನ್ನು ಉಗುಳಲೂ ನುಂಗಲೂ ಆಗದೆ ಗಂಟಲಿನಲ್ಲಿ ಗೊರಗೊರ ಸದ್ದು ಬಂತು. ಆ ಸದ್ದು ನನಗೆ ಈಗಲೂ ಕೇಳುತ್ತದೆ, ಮಿಕ್ಸರ್ ನಿಂತಾಗ, ನಲ್ಲಿಯಲ್ಲಿ ನೀರು ಬರುವ ಮುನ್ನ ಗಾಳಿ ಬರುವಾಗ.

ನನ್ನ ಕೂಗು ಕೇಳಿ ಸ್ಟ್ರೆಚರು ಬಂತು. ತುರ್ತು ವಿಭಾಗದ ಚಿಕ್ಕ ವಯಸ್ಸಿನ ಡಾಕ್ಟರು ಬಾಯಿಗೆ ನಳಿಕೆ ಹಾಕಿ ಗಂಟಲು ಸ್ವಚ್ಛ ಮಾಡುತ್ತಲೇ ಪ್ರಶ್ನೆ ಹಾಕತೊಡಗಿದರು. ಗದ್ದಲ ಕೇಳಿ ಬೋರ್ಡಿನ ವೈದ್ಯರಲ್ಲೊಬ್ಬರು, ಸಮವಸ್ತ್ರದಲ್ಲಿದ್ದ ನಡುವಯಸ್ಸಿನ ಹೆಂಗಸು, ಬಾಗಿಲಲ್ಲಿ ಬಂದು ನಿಂತಿದ್ದರು.

"ಜ್ವರ ಎಷ್ಟ ದಿನದಿಂದ ಅವ?" ಚಿಕ್ಕ ಡಾಕ್ಟರು ಕೇಳಿದರು. "ಎಂ.ಎಸ್. ಅಂತೀರಿ. ಹೊಸಾ ಅಟ್ಯಾಕ್ ಏನು? ಸೋಂಕೇನರೇ ಆಗ್ಯಾದೇನು? ಹೆಂಗಾಯ್ತು ಹೇಳ್ರಿ ಲಗೂ."

ನಾನು ಬಾಯಿ ತೆರೆಯುವ ಮೊದಲು ಖಾಜಾಭಾಯ್ ನನ್ನ ಕಿವಿಯ ಹತ್ತಿರ ಬಂದರು.

"ಭಾಭೀ, ತಾನಾಗೇ ಬಿಸಲಿಗಿ ಹೋಗಿದ್ದ ಅಂತ ಹೇಳಬ್ಯಾಡ್ರಿ. ಅಲ್ಲಿ ಮೇಡಂ ನಿಂತಾರ. ಜಾನ್‌ಬೂಜ್‌ಕೇ ಕಿಯಾ, ಬೇಕಂತ ಮಾಡ್ಯಾನ ಅಂತ ಒಂದ್ ಸಾಲ ಬರದ್ರ ಕೇಸ್ ಖತಮ್. ಸೈನ್ಯದಾಗ ಇದಕ್ಕ ಮಾಫಿ ಇಲ್ಲ. ಹಂಗೇ ಬಿದ್ದಾನ ಅನ್ರಿ, ಅಷ್ಟೇ."

ಅವರ ಮಾತು ಸುಳ್ಳಲ್ಲ. ಕೇಸು ಹೋದರೆ ಕಾರ್ಡಿಲ್ಲ, ಕಾರ್ಡಿಲ್ಲದಿದ್ದರೆ ಔಷಧವಿಲ್ಲ, ಮುಂದಿನ ಏಟು ಬಂದೇ ಬರುತ್ತದೆ. ಆದರೆ ನನ್ನ ಕಣ್ಣೆದುರು ದಾದಿಯೊಬ್ಬಳು, ಮೈ ನಡುಗುತ್ತಿದೆಯೆಂದು, ಇವರಿಗೆ ಕಂಬಳಿ ಹೊದಿಸುತ್ತಿದ್ದಳು. ಕೋಟಿನ ಮೇಲೆ ಕಂಬಳಿ. ಡಾಕ್ಟರು ರಕ್ತ ಪರೀಕ್ಷೆಗೆ ಹೇಳುತ್ತಿದ್ದರು. ಎಲ್ಲರೂ ಬೇರೆ ಯಾವುದೋ ರೋಗದ ಹಿಂದೆ ಓಡುತ್ತಿದ್ದರು.

"ಬಿಸಲರೀ" ಎಂದೆ. ನನ್ನ ದನಿ ನನಗೇ ಪರಕೀಯವಾಗಿತ್ತು. "ಜ್ವರ ಅಲ್ರಿ ಡಾಕ್ಟ್ರೇ. ಬಿಸಲಾಗ ಕುಂತಿದ್ರು. ಕೋಟ ಹಾಕ್ಕೊಂಡು, ಬೇಕಂತಲೇ ಕುಂತಿದ್ರು. ಬಿಸಿ ಆದ್ರ ಇವರಿಗಿ ಹಿಂಗಾಗ್ತದ ಅಂತ ಗೊತ್ತಿತ್ತು, ಬೋರ್ಡಿನವರು ನೋಡ್ಲಿ ಅಂತ ಕುಂತಿದ್ರು. ಆ ಕಂಬಳಿ ತಗೀರಿ ಮೊದಲ!"

ಬಾಗಿಲಲ್ಲಿದ್ದ ವೈದ್ಯೆ ಕನ್ನಡ ಬಾರದವರು. ಪಕ್ಕದಲ್ಲಿದ್ದ ಸಿಬ್ಬಂದಿಯನ್ನು ಕೇಳಿದರು, ಆತ ಹಿಂದಿಯಲ್ಲಿ ಪೂರ್ತಿ ಹೇಳಿದ. ನಾನು ಹೇಳಿದ್ದನ್ನೇ, ಒಂದೂ ಬಿಡದೆ.

ಆಮೇಲೆ ಎಲ್ಲವೂ ವೇಗವಾಯಿತು. ಖಾಜಾಭಾಯ್ ನನ್ನ ಮುಖ ನೋಡಲಿಲ್ಲ, ಹೊರಗೋಡಿದರು. ಕಟ್ಟೆಯ ಮೇಲೆ ಕಳೆದ ಹೊತ್ತು, ಹಾಕಿಕೊಂಡಿದ್ದ ಬಟ್ಟೆ, ಕುಡಿದ ನೀರು, ಡಾಕ್ಟರು ಕೇಳಿದ್ದಕ್ಕೆಲ್ಲ ಉತ್ತರಿಸಿದೆ. ಕೋಟಿನ ಗುಂಡಿಗಳು ಬಿಚ್ಚಿಬರುತ್ತಿರಲಿಲ್ಲ. ಸಮವಸ್ತ್ರದ ವೈದ್ಯೆ ಒಳಗೆ ಬಂದು ಕತ್ತರಿ ತೆಗೆದುಕೊಂಡು ಉಣ್ಣೆಯನ್ನು ಕೊರಳಿನಿಂದ ಕೆಳಗಿನವರೆಗೆ ಕತ್ತರಿಸಿದರು. ಪದಕಗಳು ನೆಲಕ್ಕೆ ಬಿದ್ದು ಸದ್ದಾಯಿತು. ಅಷ್ಟರಲ್ಲಿ ಖಾಜಾಭಾಯ್ ಗೇಟಿನ ಲಿಂಬು ಸೋಡಾ ಗಾಡಿಯಿಂದ ಗೋಣಿಚೀಲದಲ್ಲಿ ಸುತ್ತಿದ ಮಂಜುಗಡ್ಡೆಯ ತುಂಡನ್ನು ಹೆಗಲ ಮೇಲೆ ಹೊತ್ತು ಬಂದರು, ಅಂಗಿಯೆಲ್ಲ ತೊಯ್ದಿತ್ತು. ಒಡೆದು ಬಗಲಿಗೆ, ತೊಡೆಯ ಸಂದಿಗೆ, ಕುತ್ತಿಗೆಗೆ ಇಟ್ಟರು. ಮೈಮೇಲೆ ನೀರು ಚಿಮುಕಿಸಿ ಫ್ಯಾನು ತಿರುಗಿಸಿದರು. ಉಸಿರಿಗೆ ಯಂತ್ರ ಹಾಕಿ ತೀವ್ರ ನಿಗಾ ಘಟಕಕ್ಕೆ ಒಯ್ದರು.

ವೈದ್ಯೆ ಬಗ್ಗಿ ಪದಕಗಳನ್ನು ಆಯ್ದು ನನ್ನ ಸೆರಗಿನಲ್ಲಿ ಹಾಕಿದರು. ಹೊರಗೆ ಹೋಗಿ ಕಿಟಕಿಯ ಬಳಿ ನಿಂತು ಏನನ್ನೋ ಬರೆಯತೊಡಗಿದರು. ಬಹಳ ಹೊತ್ತು ಬರೆದರು. ನನಗೆ ಅವರ ಬೆನ್ನಷ್ಟೇ ಕಾಣುತ್ತಿತ್ತು.

ಆ ಘಟಕದ ಹೊರಗಿನ ಕಾಯುವಿಕೆಯನ್ನು ಬಲ್ಲವರಿಗೆ ನಾನು ಹೇಳಬೇಕಾದ್ದಿಲ್ಲ. ಅರಿಯದವರಿಗೆ ಹೇಳಿದರೂ ಅರ್ಥವಾಗದು. ಬಾಗಿಲು ತೆರೆದಾಗಲೆಲ್ಲ ಕೂತವರೆಲ್ಲ ಒಟ್ಟಿಗೆ ಏಳುತ್ತಾರೆ, ಒಬ್ಬರ ಹೆಸರು ಕೇಳಿಸಿ ಉಳಿದವರು ಒಟ್ಟಿಗೆ ಕೂಡುತ್ತಾರೆ. ಯಾರೋ ಗುರುತಿಲ್ಲದ ಅಮ್ಮ ತಮ್ಮ ಬುತ್ತಿಯ ಅರ್ಧ ರೊಟ್ಟಿ ಮುರಿದು ನನ್ನ ಕೈಗಿಟ್ಟರು. ನಾನು ಅದನ್ನು ಸಂಜೆಯವರೆಗೂ ಹಿಡಿದುಕೊಂಡೇ ಇದ್ದೆ. ವಾಂತಿ ಪುಪ್ಪುಸಕ್ಕೆ ಇಳಿದು ಸೋಂಕಾಗಿತ್ತು. ಮೂತ್ರಪಿಂಡ ಒಮ್ಮೆ ಕೈಕೊಡುವಂತೆ ಮಾಡಿ ಮರಳಿತು.

ಗಂಟಲಿನ ನಳಿಕೆ ತೆಗೆದ ಮೇಲೆ ಅವರು ಆಡಿದ ಮೊದಲ ಮಾತು: "ಬೋರ್ಡಿನವರು ನೋಡಿದರೇನು?"

"ನೋಡಿದ್ರು."

"ನಾ ಹೆಂಗ ಕಂಡೆ?"

ನಾನು ಎದ್ದು ಹೊರಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತೆ. ತಿರುಗಿ ಬಂದು, ನಾನು ಡಾಕ್ಟರಿಗೆ ಹೇಳಿದ್ದನ್ನು ಹೇಳಿದೆ. ಅವರು ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ನನ್ನೊಡನೆ ಮಾತು ನಿಂತಿತು. ನೀರು ಬೇಕಾದರೂ ದಾದಿಯನ್ನು ಕೇಳುತ್ತಿದ್ದರು. ಕೊನೆಗೆ ಅತ್ತೆ ಕಮಲಾಪುರದಿಂದ ಬಂದರು, ಚೀಲದಲ್ಲಿ ನಮ್ಮೂರಿನ ಕೆಂಪು ಬಾಳೆಹಣ್ಣು. ಹಣ್ಣು ಕಿವುಚಿ ಚಮಚದಿಂದ ಮಗನ ಬಾಯಿಗಿಡುತ್ತಾ ಅವರು ಹೇಳಿದ್ದು ಇಡೀ ವಾರ್ಡಿಗೆ ಕೇಳಿತು:

"ಹೆಂಡ್ತಿ ಖರೇ ಹೇಳ್ಯಾಳಂತ ಸಿಟ್ಟ ಬಂದದೇನೋ ನಿನಗ? ಆಕಿ ಸುಳ್ಳ ಹೇಳಿದ್ರ ನಿನ್ನ ಮಣ್ಣ ಮಾಡಿ ನಾ ಇಷ್ಟೊತ್ತಿಗಿ ಊಟಾ ಬಿಟ್ಟ ಮಲಗಿರ್ತಿದ್ದೆ. ನುಂಗು. ನುಂಗು ಅಂದ್ರ ನುಂಗಬೇಕು."

ನುಂಗಿದರು. ನಳಿಕೆಯಿಲ್ಲದೆ ಅವರ ಗಂಟಲಿನಲ್ಲಿ ಇಳಿದ ಮೊದಲ ಆಹಾರ ಅದು. ಕೆಮ್ಮು ಬರಲಿಲ್ಲ. ಅತ್ತೆ ಮತ್ತು ನಾನು ಒಬ್ಬರನ್ನೊಬ್ಬರು ನೋಡಿಕೊಂಡೆವು.

ಖಾಜಾಭಾಯ್ ಮೂರ್ನಾಲ್ಕು ಸಲ ಬಂದು ಹೊರಗಿನಿಂದಲೇ ಹೋಗಿದ್ದರು. ಕಡೆಗೆ ಒಂದು ದಿನ ನನ್ನ ಬೆಂಚಿನ ಇನ್ನೊಂದು ತುದಿಗೆ ಕೂತರು. "ನಂದೂ ಅದೇ ತಪ್ಪ ಭಾಭೀ" ಎಂದರು. "ಅಲ್ಲಿ ಗಡಿಯಾಗೂ ಮುಚ್ಚಿದೆ, ಇಲ್ಲೂ ಮುಚ್ಚಲಾಕ ಹೋದೆ. ದೋಸ್ತಿ ಅಂದ್ರ ಮುಚ್ಚೋದು ಅಂತ ಕಲ್ಸ್ಯಾರ ನಮಗ."

ಮಳೆಗಾಲ ಕಳೆಯುವವರೆಗೆ ನ್ಯಾಯಮಂಡಳಿಯಿಂದ ಸುದ್ದಿಯಿಲ್ಲ. ಸರಕಾರದ ಪರ ವಕೀಲರು ನನ್ನ ಮಾತನ್ನೇ ಮುಂದಿಟ್ಟರಂತೆ: ಈತ ತಾನೇ ತಂದುಕೊಂಡದ್ದು, ಹೆಂಡತಿಯೇ ಹೇಳಿದ್ದಾಳೆ. ನಮ್ಮ ವಕೀಲರು ಫೋನಿನಲ್ಲಿ ಅದನ್ನು ಓದಿ ಹೇಳಿದಾಗ ಇವರಿಗೆ ಕೇಳದಂತೆ ನಾನು ಫೋನು ಹಿಡಿದು ಅಂಗಳಕ್ಕೆ ಹೋದೆ. ಆಮೇಲೆ ಅವರು ಆ ವೈದ್ಯೆಯ ವರದಿ ಓದಿದರು. ಬಿಸಿಲು ಈ ಮನುಷ್ಯನ ದೇಹಕ್ಕೆ ಏನು ಮಾಡುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ, ಈತ ತನ್ನ ಸೇವೆಯ ದೊಡ್ಡ ಭಾಗವನ್ನು ಅಂಥ ಬಿಸಿಲಿನಲ್ಲೇ ಕಳೆದಿದ್ದಾನೆ, ಆ ಸೇವೆ ರೋಗವನ್ನು ಹೆಚ್ಚಿಸಿಲ್ಲವೆಂದು ನಾನು ಸಹಿ ಹಾಕಲಾರೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಬೇಕೆಂದೇ ಕೂತದ್ದನ್ನೂ ಅವರು ಮುಚ್ಚಿರಲಿಲ್ಲ. ಅದನ್ನೂ ಬರೆದು, ಅದರ ಕೆಳಗೆ ಈ ಅಭಿಪ್ರಾಯ ಬರೆದಿದ್ದರು.

ಪಿಂಚಣಿ ಮಂಜೂರಾಯಿತು. ಕಾರ್ಡು ಬಂತು. ಔಷಧ ಶುರುವಾಗಿ ಈಗ ಎರಡನೆಯ ಚಳಿಗಾಲ. ಆ ಬಿಸಿಲಿನ ದಿನದಿಂದ ಬಲಗಣ್ಣು ಮಂಜಾಗಿಯೇ ಉಳಿದಿದೆ, ಆದರೆ ಹೊಸ ಏಟು ಬಂದಿಲ್ಲ. ಕಾಲಿಗೆ ಮೊದಲಿಗಿಂತ ಬಲ ಬಂದಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ಓದುವವರಿಗೆ ಧೈರ್ಯವಾಗುತ್ತಿತ್ತು. ಆದರೆ ಆದೇಶದಲ್ಲಿ ಇನ್ನೊಂದು ಸಾಲಿದೆ. ಈ ರೋಗ ಏರಿಳಿಯುವಂಥದ್ದಾದ್ದರಿಂದ ಪಿಂಚಣಿ ಸದ್ಯಕ್ಕೆ ನಿಗದಿತ ಅವಧಿಗೆ, ಮುಂದೆ ಮತ್ತೆ ಬೋರ್ಡಿನ ಮುಂದೆ ಬರತಕ್ಕದ್ದು. ಔಷಧ ಚೆನ್ನಾಗಿ ಕೆಲಸ ಮಾಡಿದರೆ ಇವರು ಚೆನ್ನಾಗಿ ಕಾಣುತ್ತಾರೆ. ಚೆನ್ನಾಗಿ ಕಂಡರೆ ಔಷಧ ನಿಲ್ಲಬಹುದು.

ಹೋದ ದಸರೆಯ ಸುಮಾರಿಗೆ ಒಂದು ತಂಪು ಸಂಜೆ ಅವರು ಕೋಲಿಲ್ಲದೆ ಮೂಲೆಯ ಕಿರಾಣಿ ಅಂಗಡಿಯವರೆಗೆ ಹೋಗಿ ಬಂದರು. ಅಂಗಡಿಯವ ತಮಾಷೆಗೆ, "ಮಿಲಿಟ್ರಿ ಕುದುರಿ ಆಗ್ಯಾರಲ್ಲ! ಸರಕಾರದ ರೊಕ್ಕ ಮೈಗಿ ಹತ್ಯಾದ" ಎಂದನಂತೆ. ಅಂದಿನಿಂದ ಅವರು ಹೊರಗೆ ನಡೆದಿಲ್ಲ. ಆಸ್ಪತ್ರೆಯಿಂದ ಬಂದಾಗ ತಂದಿದ್ದ ಗಾಲಿಕುರ್ಚಿಯಲ್ಲೇ ಅಂಗಳಕ್ಕೂ ಬರುತ್ತಾರೆ. ನಡೆಸದ ಕಾಲು ನಡೆಯುವುದನ್ನು ಮರೆಯುತ್ತದೆ ಎಂದು ವ್ಯಾಯಾಮ ಹೇಳಿಕೊಡುವವರು ಗದರಿದ್ದಾರೆ. ಹಾಗಾಗಿ ಬಾಗಿಲು ಹಾಕಿಕೊಂಡು, ಪರದೆ ಎಳೆದು, ಒಳಗಿನ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಾರೆ. ಇದು ಸರಿಯಲ್ಲವೆಂದು ನಾನು ಹೇಳಿದ್ದೇನೆ. ಕಣ್ಣಿಗೆ ಕಾಣುವ ರೋಗವಿದ್ದವರು ನಮ್ಮನ್ನು ಏನೆನ್ನುತ್ತಾರೋ ಗೊತ್ತಿಲ್ಲ, ಕಾಣದ ರೋಗವಿರುವ ಮನೆಯವರಿಗೆ ಈ ಹೆದರಿಕೆ ಗೊತ್ತಿರುತ್ತದೆ.

ಮೊನ್ನೆ ಸಂಜೆ ಅವರು ಹಾಗೆ ನಡೆಯುತ್ತಿದ್ದರು, ನಾನು ಪಕ್ಕದಲ್ಲಿದ್ದೆ. ಯಾರೋ ಬಾಗಿಲು ಬಡಿದರು. ಅವರು ನಿಂತಲ್ಲೇ ನಿಂತು ನನ್ನನ್ನು ನೋಡಿದರು. ಗಾಲಿಕುರ್ಚಿ ಕೋಣೆಯ ಆ ತುದಿಯಲ್ಲಿತ್ತು.

"ಬಂದೆ, ತಡೀರಿ!" ಎಂದು ಬೇಕಾದದ್ದಕ್ಕಿಂತ ಗಟ್ಟಿಯಾಗಿ ಕೂಗಿದೆ. ಹೋಗಿ ಚಿಲಕದ ಮೇಲೆ ಕೈಯಿಟ್ಟು ನಿಂತೆ. ಹಿಂದೆ ಅವಸರದ ಹೆಜ್ಜೆ, ಗೋಡೆ ಸವರುವ ಸದ್ದು, ಆಮೇಲೆ ಕುರ್ಚಿ ಕಿರುಗುಟ್ಟಿತು. ಆಗ ಚಿಲಕ ತೆಗೆದೆ.

ಪಕ್ಕದ ಮನೆಯ ಗೌರಮ್ಮ ಮೊಸರಿಗೆ ಹೆಪ್ಪು ಕೇಳಲು ಬಂದಿದ್ದರು. ಬಟ್ಟಲು ಹಿಡಿದು ಒಳಗೆ ಇಣುಕಿದರು. ಇವರು ಕುರ್ಚಿಯಲ್ಲಿ ಮೊಣಕಾಲಿಗೆ ಶಾಲು ಹೊದ್ದು ಕೂತಿದ್ದರು, ಎದೆ ಏರಿಳಿಯುತ್ತಿತ್ತು.

"ಅಯ್ಯ ಪಾಪ" ಎಂದರು ಗೌರಮ್ಮ ದನಿ ತಗ್ಗಿಸಿ. "ಕುಂತಲ್ಲೇ ಎಷ್ಟ ದಮ್ಮ ಹತ್ಯಾದ ನೋಡ್ರಿ ಅಣ್ಣಾರಿಗಿ."

"ಹೂಂ ರೀ" ಎಂದೆ ನಾನು.